‘ಇದು ನಮಗೆ ಹೇಗೆ ಗೊತ್ತಾಯಿತು?’: ಸಮಾಜ ವಿಜ್ಞಾನ ಕಲಿಸಬೇಕಾದ ಪ್ರಶ್ನೆ

ಕರ್ನಾಟಕದಲ್ಲಿ ಸರ್ಕಾರ ಬದಲಾದರೆ ಸಮಾಜ ವಿಜ್ಞಾನದ ಪಠ್ಯಪುಸ್ತಕವೂ ಬದಲಾಗುತ್ತದೆ ಎನ್ನುವುದು ಪಾಲಕರಿಗೂ ಶಿಕ್ಷಕರಿಗೂ ಈಗ ರೂಢಿಯಾಗಿಬಿಟ್ಟಿದೆ. ಬರಗೂರು ರಾಮಚಂದ್ರಪ್ಪ ನೇತೃತ್ವದ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಶಾಲೆಗಳಿಗೆ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಅವನ್ನು ಮತ್ತೆ ತಿದ್ದಿತು. ಬಸವಣ್ಣನವರ ಪಾಠದ ಸಾಲುಗಳ ಬಗ್ಗೆ ಮಠಾಧೀಶರು ಆಕ್ಷೇಪ ಎತ್ತಿದರು. ಕೆಲವು ಸಾಹಿತಿಗಳು ತಮ್ಮ ಬರಹಗಳನ್ನು ಪಠ್ಯದಲ್ಲಿ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂಪಡೆದರು. 2023ರಲ್ಲಿ ಬಂದ ಸರ್ಕಾರ ಆ ತಿದ್ದುಪಡಿಗಳಲ್ಲಿ ಹಲವನ್ನು ಕೈಬಿಟ್ಟಿತು. ಪ್ರತಿ ಸಲವೂ ಜಗಳದ ತಿರುಳು ಒಂದೇ: ಪುಸ್ತಕದಲ್ಲಿ ಯಾರಿರಬೇಕು, ಯಾರಿಗೆ ಎಷ್ಟು ಪುಟ, ಅವರ ಹೆಸರಿನ ಹಿಂದೆ ಯಾವ ವಿಶೇಷಣ. ಈ ಜಗಳದಲ್ಲಿ ಹುರುಳಿಲ್ಲ ಎನ್ನಲಾಗದು. ತನ್ನ ಕೇರಿಯ, ತನ್ನ ಸಮುದಾಯದ ಬದುಕು ಪುಸ್ತಕದಲ್ಲಿ ಎಲ್ಲಿಯೂ ಕಾಣದ ಮಗುವಿಗೆ ಶಾಲೆ ಪರರ ಮನೆಯಂತೆ ತೋರುತ್ತದೆ. ಆದರೆ ಜಗಳವಾಡುವ ಎರಡೂ ಕಡೆಯವರಿಗೆ ಒಂದು ವಿಷಯದಲ್ಲಿ ಭೇದವೇ ಇಲ್ಲ. ಪುಸ್ತಕದಲ್ಲಿ ಅಚ್ಚಾದದ್ದು ಹಾಗೆಯೇ ಮಗುವಿನ ತಲೆಗೆ ಇಳಿಯುತ್ತದೆ, ಆದ್ದರಿಂದ ಸರಿಯಾದ ಸಾಲುಗಳನ್ನು ಅಚ್ಚು ಹಾಕಿಸಿದರೆ ಸರಿಯಾದ ಪ್ರಜೆ ತಯಾರಾಗುತ್ತಾನೆ ಎಂದು ಇಬ್ಬರೂ ನಂಬಿದ್ದಾರೆ. ಐದಾರು ವರ್ಷ ಸಮಾಜ ವಿಜ್ಞಾನ ಓದಿ ಹತ್ತನೇ ತರಗತಿ ಮುಗಿಸುವ ವಿದ್ಯಾರ್ಥಿಗೆ ಸಮಾಜದ ಬಗ್ಗೆ ಏನನ್ನು ಮಾಡಲು ಬರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾವ ಸಮಿತಿಯ ಸುತ್ತಲೂ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಈಗ ನಾವು ಮಾಡಿಸುತ್ತಿರುವುದೇನು ಎಂಬುದನ್ನು ಹತ್ತನೇ ತರಗತಿಯ ಪುಸ್ತಕವೇ ಹೇಳುತ್ತದೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಭಾಗಗಳು. ಇತಿಹಾಸವೊಂದೇ 1453ರ ಕಾನ್‌ಸ್ಟಾಂಟಿನೋಪಲ್ ಪತನದಿಂದ ಹೊರಟು ಎರಡು ಮಹಾಯುದ್ಧಗಳನ್ನು ದಾಟುತ್ತದೆ. ಇಷ್ಟನ್ನೂ ಒಂದು ವರ್ಷದಲ್ಲಿ ಮುಗಿಸಿ 80 ಅಂಕದ ಲಿಖಿತ ಪರೀಕ್ಷೆಗೆ ಮಕ್ಕಳನ್ನು ಕೂರಿಸಬೇಕು. ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳೇನು, 1857ರ ದಂಗೆ ವಿಫಲವಾಗಲು ಕಾರಣಗಳೇನು ಎಂಬ ಮಾದರಿಯ ಪ್ರಶ್ನೆಗಳಿಗೆ ಉತ್ತರ ಅಂಶಗಳ ರೂಪದಲ್ಲಿ ಸಿದ್ಧವಾಗಿರುತ್ತದೆ. ಫೆಬ್ರುವರಿ ಬರುವ ಹೊತ್ತಿಗೆ ಪುಸ್ತಕವೂ ಬದಿಗೆ ಸರಿದು ಪ್ರಶ್ನೋತ್ತರ ಮಾಲೆ, ನೀಲನಕ್ಷೆ, ‘ಪಾಸಿಂಗ್ ಪ್ಯಾಕೇಜ್’ ಕೈಗೆ ಬರುತ್ತವೆ. ಹಿಂದುಳಿದ ಮಗುವನ್ನು ಹೇಗಾದರೂ ದಡ ಮುಟ್ಟಿಸಬೇಕೆಂಬ ಶಿಕ್ಷಕರ ಕಳಕಳಿಯೇ ಇದರ ಹಿಂದಿರುವುದು, ಅವರನ್ನು ದೂರುವಂತಿಲ್ಲ. ಆದರೆ 1857ಕ್ಕೆ ಐದು ಕಾರಣ ಬರೆದ ವಿದ್ಯಾರ್ಥಿನಿಯನ್ನು ಆ ಐದರಲ್ಲಿ ಹೆಚ್ಚು ತೂಕದ್ದು ಯಾವುದು, ಯಾಕೆ ಎಂದು ಯಾರೂ ಕೇಳಿರುವುದಿಲ್ಲ. ಆ ಕಾರಣಗಳನ್ನು ಮೊದಲು ಬರೆದವರು ಯಾರು, ಅವರು ಯಾವ ಕಡೆಯವರು, ಅವರ ಮಾತನ್ನು ಯಾಕೆ ನಂಬಬೇಕು ಎಂಬುದು ಪಾಠದ ಹತ್ತಿರಕ್ಕೂ ಸುಳಿಯುವುದಿಲ್ಲ. ಹೀಗೆ ಕಲಿತದ್ದರಲ್ಲಿ ಸಮಿತಿಗಳು ಎಷ್ಟೇ ಬೆವರು ಹರಿಸಿ ಆರಿಸಿದ ಸಾಲೂ ಪರೀಕ್ಷೆಯ ಆಚೆಗೆ ಉಳಿಯುತ್ತದೆಂಬ ಭರವಸೆ ಇಲ್ಲ.

ಸಮಾಜ ವಿಜ್ಞಾನ ಮೊಟ್ಟಮೊದಲು ಕಲಿಸಬೇಕಾದದ್ದು, ಸಮಾಜದ ಬಗ್ಗೆ ಒಂದು ಮಾತು ನಿಜವೆಂದು ನಮಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು. ಇದೇ ನನ್ನ ವಾದ. ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ನೆಲದಲ್ಲೇ ಹೇರಳವಾಗಿದೆ. ‘ಅಶೋಕನ ಹೆಸರಿರುವ ಶಾಸನ ಯಾವುದು?’ ಎಂಬುದು ಶಾಲೆಯಿಂದ ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಎಲ್ಲ ಕಡೆ ಕೇಳುವ ಒಂದು ಅಂಕದ ಪ್ರಶ್ನೆ; ಉತ್ತರ ಮಸ್ಕಿ. ಆ ಒಂದು ಅಂಕದ ಹಿಂದೆ ಸುಮಾರು ಎಂಬತ್ತು ವರ್ಷಗಳ ಪತ್ತೇದಾರಿಕೆ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಆತ ಯಾರೋ ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥಗಳನ್ನು ನೋಡಿ, ಪಿಯದಸಿ ಎಂದರೆ ಮೌರ್ಯ ಅಶೋಕ ಎಂದು ತಿದ್ದಿದ. ಆದರೂ ಅದು ದೂರದ ದ್ವೀಪದಲ್ಲಿ, ಶತಮಾನಗಳ ನಂತರ ಬರೆದ ಗ್ರಂಥದ ಆಧಾರವಷ್ಟೇ. 1915ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಈಗಿನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಂಡೆಯ ಮೇಲಿನ ಬರಹ ಬಿತ್ತು. ಅದರಲ್ಲಿ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಇತ್ತು. ಒಂದು ಊಹೆ, ಅದರ ತಿದ್ದುಪಡಿ, ಕೊನೆಗೆ ಎರಡನ್ನೂ ಒರೆಗೆ ಹಚ್ಚಿದ ಹೊಸ ಸಾಕ್ಷ್ಯ: ಜ್ಞಾನ ಬೆಳೆಯುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ಹನ್ನೆರಡು ವರ್ಷದ ಮಗುವಿಗೆ ಬೇರೆ ಬೇಕಿಲ್ಲ. ಅದನ್ನು ಬಿಟ್ಟು ಊರಿನ ಹೆಸರೊಂದನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ.

ಮಸ್ಕಿಯ ದಕ್ಷಿಣಕ್ಕೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಬ್ರಹ್ಮಗಿರಿಯ ಶಾಸನ ಇನ್ನೂ ಸೊಗಸಾದುದು. ಅದರ ಕೊನೆಯಲ್ಲಿ ಕೆತ್ತಿದವನ ರುಜು ಇದೆ: ಚಪಡ ಎಂಬ ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಆತ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಅಂದರೆ ಈಗಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ. ಮೊಳಕಾಲ್ಮೂರಿನ ಬಂಡೆಯ ಮೇಲೆ ಆ ಲಿಪಿ ಹೇಗೆ ಬಂತು? ಚಪಡ ಅಲ್ಲಿಂದ ಬಂದವನೇ, ಅಥವಾ ಅಲ್ಲಿ ಕಲಿತವನೇ? ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ನೌಕರ ಇಷ್ಟು ದೂರ ವರ್ಗವಾಗಿ ಬರುವ ಆಡಳಿತ ಎಂಥದ್ದಿರಬಹುದು? ಮೌರ್ಯ ಸಾಮ್ರಾಜ್ಯದ ವಿಸ್ತಾರವನ್ನು ನಕ್ಷೆಯಲ್ಲಿ ಬಣ್ಣ ತುಂಬಿ ತೋರಿಸುವುದಕ್ಕಿಂತ ಈ ಒಂದು ಪದ ಹೆಚ್ಚು ಹೇಳುತ್ತದೆ. ಜೊತೆಗೆ, ಸಾಕ್ಷ್ಯ ಎಲ್ಲಿಯವರೆಗೆ ಮಾತಾಡುತ್ತದೆ, ಎಲ್ಲಿಂದಾಚೆ ನಮ್ಮ ಊಹೆ ಶುರುವಾಗುತ್ತದೆ ಎಂಬ ಗೆರೆಯನ್ನು ಗುರುತಿಸಲು ಕಲಿಸುತ್ತದೆ. ಆ ಗೆರೆ ಕಾಣುವ ಕಣ್ಣು ಬಂದರೆ ಇತಿಹಾಸದ ಅರ್ಧ ಪಾಠ ಆದಂತೆಯೇ.

ಮಾಹಿತಿ ಗೊತ್ತಿದ್ದ ಮಾತ್ರಕ್ಕೆ ಈ ಕಣ್ಣು ತಾನಾಗಿ ಬರುವುದಿಲ್ಲ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಮಂದಿ ಇತಿಹಾಸಕಾರರಿಗೂ ಎಂಟು ಮಂದಿ ಪ್ರತಿಭಾವಂತ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಒಂದೇ ಘಟನೆಯ ಬಗ್ಗೆ ಒಂದಕ್ಕೊಂದು ತಾಳೆಯಾಗದ ದಾಖಲೆಗಳನ್ನು ಓದಲು ಕೊಟ್ಟರು. ಇತಿಹಾಸಕಾರರು ಮೊದಲು ನೋಡಿದ್ದು ಯಾರು ಬರೆದದ್ದು, ಯಾವಾಗ, ಯಾರಿಗಾಗಿ ಎಂಬುದನ್ನು. ಅವರಲ್ಲಿ ಆ ಕಾಲಘಟ್ಟದ ತಜ್ಞರಲ್ಲದವರೂ ಇದ್ದರು. ಓದುವ ಕ್ರಮ ಮಾತ್ರ ಎಲ್ಲರದೂ ಅದೇ. ವಿದ್ಯಾರ್ಥಿಗಳು ಮೇಲಿಂದ ಕೆಳಕ್ಕೆ ಓದಿ ಮಾಹಿತಿ ಆಯ್ದುಕೊಂಡರು; ಪಠ್ಯಪುಸ್ತಕದ ಗದ್ಯವೇ ಅವರಿಗೆ ಹೆಚ್ಚು ನಂಬಲರ್ಹವಾಗಿ ಕಂಡಿತು. ಶಾಲೆ ಅವರಿಗೆ ಅದನ್ನೇ ಕಲಿಸಿತ್ತು. ಇದರ ಬೆಲೆಯನ್ನು ನಾವೂ ತೆರುತ್ತಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಗುಂಪಿನ ಉನ್ಮಾದಕ್ಕೆ ಕಾರಣ ಹಲವು. ಶಾಲೆಯ ಒಂದು ವಿಷಯ ಅದನ್ನು ತಡೆಯುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಈ ಸಂದೇಶ ಮೊದಲು ಯಾರಿಂದ ಬಂತು, ಕಂಡವರು ಯಾರು ಎಂದು ಕೇಳುವ ಅಭ್ಯಾಸವನ್ನು ಶಾಲೆಯ ಯಾವ ವಿಷಯವಾದರೂ ಕಲಿಸುವುದಿದ್ದರೆ ಅದು ಸಮಾಜ ವಿಜ್ಞಾನವೇ.

ಶಾಸನದ ಮಾತಾಯಿತು, ರಕ್ತ ಬಿಸಿಯಾಗುವ ವಿಷಯಗಳಲ್ಲಿ ಇದು ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಅಂಥಲ್ಲಿಯೇ ಇದು ಹೆಚ್ಚು ಬೇಕು. ಟಿಪ್ಪು ಸುಲ್ತಾನನ ವಿಷಯವನ್ನೇ ನೋಡಿ. 1791ರಲ್ಲಿ ಮರಾಠಾ ಸೇನೆಯ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದ ಮೇಲೆ ಶಾರದೆಯ ಪ್ರತಿಷ್ಠೆಗೆ ನೆರವು ಕೊಡುವಂತೆ ಟಿಪ್ಪು ತನ್ನ ಅಧಿಕಾರಿಗಳಿಗೆ ಆದೇಶಿಸಿದ ಕನ್ನಡ ಪತ್ರಗಳಿವೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಅವನ್ನು ಮಠದಲ್ಲೇ ಕಂಡರು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದಕ್ಕೆ, ಕೊಡವರ ಮೇಲಿನ ದಂಡಯಾತ್ರೆ ಮತ್ತು ಸೆರೆಗೆ ಕೂಡ ಆಧಾರಗಳಿವೆ. ಎಷ್ಟು ಜನ ಎಂಬ ಲೆಕ್ಕ ಮಾತ್ರ ಒಂದು ಆಕರದಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತದೆ. ಟಿಪ್ಪುವಿನ ಬಗ್ಗೆ ಬಹುಕಾಲ ಪ್ರಮಾಣವೆನಿಸಿದ್ದ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್, 1799ರಲ್ಲಿ ಗೆದ್ದ ಕಂಪನಿಯ ಅಧಿಕಾರಿ, ಮೈಸೂರಿನ ರೆಸಿಡೆಂಟ್ ಆಗಿದ್ದವನು. ಒಂದು ಸಮಿತಿ ಪತ್ರಗಳನ್ನು ಎತ್ತಿ ಹಿಡಿದು ಸೆರೆಯನ್ನು ಮರೆತರೆ, ಇನ್ನೊಂದು ಸೆರೆಯನ್ನು ಎತ್ತಿ ಹಿಡಿದು ಪತ್ರಗಳನ್ನು ಮರೆಯುತ್ತದೆ. ಒಂಬತ್ತನೇ ತರಗತಿಯ ಮಕ್ಕಳ ಮುಂದೆ ನಾಲ್ಕು ಆಕರಗಳ ತುಣುಕುಗಳನ್ನಿಟ್ಟು, ಬರೆದವರು ಯಾರು, ಬರೆದದ್ದು ಯಾವಾಗ, ಒಬ್ಬನೇ ಅರಸ ಎರಡನ್ನೂ ಮಾಡಿದ್ದರೆ ಅದನ್ನು ಹೇಗೆ ವಿವರಿಸುವಿರಿ ಎಂದು ಕೇಳಿದರೆ, ಅವರು ರಾಜಕಾರಣಿಗಳಿಗಿಂತ ಜವಾಬ್ದಾರಿಯಿಂದ ಉತ್ತರಿಸುತ್ತಾರೆ ಎಂದು ನಂಬುವುದು ಕಷ್ಟವಲ್ಲ. ಇದು ಎರಡೂ ಕಡೆಗೆ ಸಮಾಧಾನ ಹೇಳುವ ಉಪಾಯ ಎಂದು ತಿಳಿಯಬಾರದು. ಪತ್ರವೂ ಇದೆ, ಸೆರೆಯೂ ಇದೆ ಎಂಬುದು ಸಾಕ್ಷ್ಯ ಹೇಳುವ ಮಾತು. ಅದರಲ್ಲಿ ಯಾವುದನ್ನು ಅಳಿಸಿದರೂ ಸುಳ್ಳಾಗುತ್ತದೆ.

ಇತಿಹಾಸದ ಮಾತೇ ಹೆಚ್ಚಾದರೆ ಇಡೀ ವಿಷಯ ಇತಿಹಾಸವೆಂಬ ಭ್ರಮೆ ಹುಟ್ಟುತ್ತದೆ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಕಲಿಸುವುದರಿಂದ ಆಗುವ ನಷ್ಟ ಇನ್ನೂ ದೊಡ್ಡದು. ಹಳೇ ಮೈಸೂರಿನ ಯಾವುದೇ ಊರಿನ ಕೆರೆಯನ್ನು ಒಂದು ತಿಂಗಳ ಪಾಠವಾಗಿ ಇಟ್ಟುಕೊಂಡರೆ ಏನೇನು ಸಿಗುತ್ತದೆ ಎಂದು ಯೋಚಿಸಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಇನ್ನೂರು ಕಿಲೋಮೀಟರ್ ಒಳಗಿರುವ ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಬಯಲುಸೀಮೆಗೆ ಕೆರೆ ಯಾಕೆ ಬೇಕಾಯಿತು ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದರಿಂದ ಮಕ್ಕಳು ತಮ್ಮೂರಿನ ಮಳೆಯ ಲೆಕ್ಕವನ್ನೇ ಹಿಡಿದು ಕೂರಬಹುದು. ಇನ್ನು ಏರಿ, ತೂಬು, ಕೋಡಿ, ಅಚ್ಚುಕಟ್ಟು: ಇವು ಎಲ್ಲಿವೆ, ನೀರು ಯಾವ ಹಳ್ಳದಿಂದ ಬಂದು ಯಾವ ಕೆರೆಗೆ ಹೋಗುತ್ತದೆ ಎಂದು ನಕ್ಷೆ ಬರೆದವರಿಗೆ ಭೂಗೋಳದ ನಕ್ಷೆ ಅಂಕ ತರುವ ಚಿತ್ರವಷ್ಟೇ ಆಗಿ ಉಳಿಯುವುದಿಲ್ಲ.

ಅದೇ ಕೆರೆಯ ಬಳಿ ಶಾಸನವಿದ್ದರೆ, ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಅದರ ಪಾಠ ಸಿಗುವ ಸಂಭವ ಹೆಚ್ಚು. ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡುವವರಿಗೆ ಬಿತ್ತುವಟ್ಟವಾಗಿ, ಕಟ್ಟುಕೊಡಗೆಯಾಗಿ ಭೂಮಿ ಬಿಟ್ಟ ದಾಖಲೆಗಳು ನಮ್ಮಲ್ಲಿ ನೂರಾರಿವೆ. ಹೂಳೆತ್ತುವ ಖರ್ಚು ಎಲ್ಲಿಂದ ಬರಬೇಕು ಎಂಬ ಇಂದಿನ ಪ್ರಶ್ನೆಗೆ ಹಿಂದಿನವರು ಕಂಡುಕೊಂಡಿದ್ದ ಉತ್ತರ ಅದು. ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಯಾರು? ಬಹಳಷ್ಟು ಊರುಗಳಲ್ಲಿ ಆ ಕೆಲಸ ದಲಿತ ಕುಟುಂಬದ್ದಾಗಿತ್ತು. ಊರಿನ ನೀರನ್ನೆಲ್ಲ ಹಂಚಿದ ಕೈ ಊರಿನ ಬಾವಿಯನ್ನು ಮುಟ್ಟುವಂತಿರಲಿಲ್ಲ ಎಂಬುದನ್ನು ಮಗು ತನ್ನೂರಿನ ಕೆರೆಯ ಏರಿಯ ಮೇಲೆ ನಿಂತು ತಿಳಿಯುವುದಕ್ಕೂ, ‘ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು’ ಎಂದು ಬರೆದು ಎರಡು ಅಂಕ ಪಡೆಯುವುದಕ್ಕೂ ಅಜಗಜಾಂತರ. ಅಲ್ಲಿಂದ ವರ್ತಮಾನಕ್ಕೆ ಬರಲು ಒಂದೇ ಹೆಜ್ಜೆ. ಬೋರ್‌ವೆಲ್ ಬಂದ ಮೇಲೆ ಕೆರೆ ಯಾಕೆ ಅನಾಥವಾಯಿತು? ಒತ್ತುವರಿ ಮಾಡಿದವರು ಯಾರು, ತೆರವು ಮಾಡಿಸುವ ಅಧಿಕಾರ ಯಾರದು? ಕೋಲಾರ ಜಿಲ್ಲೆಯ ಮಕ್ಕಳ ಮುಂದೆ ಇನ್ನೂ ಜೀವಂತ ಪ್ರಶ್ನೆ ಇದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಏರಿದೆ ಎನ್ನುವವರೂ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಎನ್ನುವವರೂ ಇದ್ದಾರೆ; ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಯಾರ ಮಾತಿಗೆ ಯಾವ ಅಳತೆಯ ಆಧಾರವಿದೆ, ಆ ಅಳತೆ ಮಾಡಿದವರು ಯಾರು ಎಂದು ಹುಡುಕುವುದು ಅರ್ಥಶಾಸ್ತ್ರವೂ ಹೌದು, ರಾಜ್ಯಶಾಸ್ತ್ರವೂ ಹೌದು.

ಪೌರನೀತಿಯ ಮಾತಿಗೆ ಬಂದರೆ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪೌರನೀತಿಯ ಜಾಗದಲ್ಲಿ ರಾಜ್ಯಶಾಸ್ತ್ರ ಬರಲಿ ಎಂದಿತು. ವಿಧೇಯ ಪ್ರಜೆಗಳನ್ನು ತಯಾರಿಸಲು ವಸಾಹತು ಆಡಳಿತ ರೂಪಿಸಿದ ಪಾಠ ಅದು ಎಂಬುದು ಕಾರಣ. ಹೆಸರು ಬದಲಾಯಿತು, ಪಾಠದ ಗುಣ ಅಷ್ಟಾಗಿ ಬದಲಾಗಲಿಲ್ಲ. ರಾಷ್ಟ್ರಪತಿಗೆ ಎಷ್ಟು ವಯಸ್ಸಾಗಿರಬೇಕು ಎಂಬುದು ಗೊತ್ತಿರುವ ವಿದ್ಯಾರ್ಥಿಗೆ ತನ್ನ ಗ್ರಾಮ ಪಂಚಾಯಿತಿಯ ಆಯವ್ಯಯ ನೋಡುವ ಹಕ್ಕು ತನಗಿದೆ ಎಂಬುದು ಗೊತ್ತಿರುವುದಿಲ್ಲ. ಅಧಿಕಾರ ವಿಕೇಂದ್ರೀಕರಣದಲ್ಲಿ ದೇಶಕ್ಕೇ ದಾರಿ ತೋರಿದ ರಾಜ್ಯ ನಮ್ಮದು. ಅಬ್ದುಲ್ ನಜೀರ್‌ಸಾಬ್ ಕಾಲದ 1983ರ ಕಾಯ್ದೆ, 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25ರ ಮೀಸಲು, ಇವೆಲ್ಲ ಸಂವಿಧಾನದ 73ನೇ ತಿದ್ದುಪಡಿಗೂ ಮುಂಚಿನವು. ಈ ಪರಂಪರೆಯ ಪಾಠ ಪಂಚಾಯಿತಿ ಕಚೇರಿಯ ಬಾಗಿಲಲ್ಲೇ ಶುರುವಾಗಬೇಕು. ಮಕ್ಕಳ ಗ್ರಾಮಸಭೆ ಎಂಬ ವ್ಯವಸ್ಥೆಯೂ ನಮ್ಮಲ್ಲಿದೆ. ಅಲ್ಲಿ ಶೌಚಾಲಯ ಬೇಕೆಂದು ಕೇಳುವ ಹುಡುಗಿಗೆ, ಕಳೆದ ವರ್ಷ ಕೇಳಿದ್ದು ಯಾಕೆ ಆಗಲಿಲ್ಲ, ಹಣ ಯಾವ ಬಾಬಿನಲ್ಲಿ ಬಂದು ಎಲ್ಲಿ ಹೋಯಿತು ಎಂದು ಲೆಕ್ಕ ಓದಿ ಕೇಳಲು ಬಂದರೆ ಸಭೆಯ ಬಣ್ಣವೇ ಬೇರೆಯಾಗುತ್ತದೆ. ಹಾಗೆಯೇ ಪಹಣಿ. ರೈತನ ಮನೆಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿರುವ ಈ ಕಾಗದವನ್ನು ಓದುವುದನ್ನು ಯಾವ ಶಾಲೆಯೂ ಹೇಳಿಕೊಡುವುದಿಲ್ಲ. ಒಂಬತ್ತನೇ ಕಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಸಾಲ ಕೂತಿದೆ? ಈ ಜಮೀನು 1974ರ ಭೂಸುಧಾರಣೆಯಲ್ಲಿ ನಮೂನೆ 7ರ ಅರ್ಜಿ ಹಾಕಿ ಗೇಣಿದಾರನಿಗೆ ಬಂದದ್ದೇ? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು ಕೊಟ್ಟರೂ ಊರಿನ ಪಹಣಿಗಳಲ್ಲಿ ಎಷ್ಟು ಹೆಣ್ಣಿನ ಹೆಸರುಗಳಿವೆ? ಕಾನೂನಿಗೂ ಬದುಕಿಗೂ ನಡುವಿನ ಅಂತರವನ್ನು ತೋರಿಸಲು ಇದಕ್ಕಿಂತ ಸಮೀಪದ ದಾಖಲೆ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಮಗುವಿಗೆ ಮೊದಲು ವಿಷಯ ಗೊತ್ತಿರಬೇಕು. ಅಶೋಕ ಯಾರೆಂದೇ ತಿಳಿಯದವನು ಅಶೋಕನ ಶಾಸನದಲ್ಲಿ ಏನನ್ನು ವಿಮರ್ಶಿಸುತ್ತಾನೆ? ತೇದಿ, ಹೆಸರು, ನಕ್ಷೆ ಇಲ್ಲದೆ ‘ಚಿಂತನೆ’ ಕಲಿಸುತ್ತೇವೆಂಬುದು ಬರೀ ಬಾಯಿಮಾತಾಗುತ್ತದೆ ಎನ್ನುತ್ತಾರೆ. ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಚಾಲುಕ್ಯರು ಹೊಯ್ಸಳರಿಗಿಂತ ಹಿಂದಿನವರು ಎಂಬ ಕಾಲಾನುಕ್ರಮ, ಕೃಷ್ಣೆ ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತಾಳೆ ಎಂಬ ತಿಳಿವಳಿಕೆ, ಮೂಲಭೂತ ಹಕ್ಕುಗಳ ಪಟ್ಟಿ ಬಾಯಲ್ಲೇ ಇರಬೇಕು. ಅದಿಲ್ಲದ ಪ್ರಶ್ನೆ ವಿತಂಡವಾದವಾಗುತ್ತದೆ. ಪ್ರಶ್ನೆ ಇರುವುದು ಪ್ರಮಾಣದ್ದು. ಐನೂರು ಸಂಗತಿಗಳನ್ನು ಒಂದೇ ಮಟ್ಟದಲ್ಲಿ ತುರುಕಿದಾಗ ಮಗು ಯಾವುದನ್ನೂ ಬಳಸುವುದಿಲ್ಲ, ಬಳಸದ್ದು ಉಳಿಯುವುದಿಲ್ಲ. ನೂರೈವತ್ತು ಸಂಗತಿಗಳನ್ನು ಆರಿಸಿ, ಅವು ಮುಂದಿನ ಪಾಠಗಳಲ್ಲಿ ಮತ್ತೆ ಮತ್ತೆ ಕೆಲಸಕ್ಕೆ ಬರುವಂತೆ ಜೋಡಿಸಿದರೆ ಅವು ತಾವೇ ಬೇರೂರುತ್ತವೆ. ಏನನ್ನು ಬಿಡಬೇಕು ಎಂದೂ ಹೇಳಬೇಕಾಗುತ್ತದೆ. ವ್ಯವಹಾರ ಅಧ್ಯಯನದ ವ್ಯಾಖ್ಯಾನಗಳು, ಗವರ್ನರ್ ಜನರಲ್‌ಗಳ ಸಾಲು ಸಾಲು ಸುಧಾರಣೆಗಳು, ಜಾಗತಿಕ ಸಂಸ್ಥೆಗಳ ಅಂಗಗಳ ಪಟ್ಟಿ, ಇಷ್ಟನ್ನು ನಾನು ಮೊದಲು ತೆಗೆಯುತ್ತೇನೆ. ಅದರಿಂದ ನಷ್ಟವೇ ಇಲ್ಲ ಎನ್ನಲಾರೆ. ಆದರೆ ಈಗಲೂ ಅವು ಪರೀಕ್ಷೆಯ ಮರುದಿನವೇ ಮರೆಯುವಂಥವು.

ಎರಡನೆಯ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು. ಜಾತಿ, ಹಿಂಸೆ, ಕೋಮುಗಳ ನಡುವಿನ ವೈಮನಸ್ಯವನ್ನು ಎಳೆಯ ಮಕ್ಕಳ ಮುಂದೆ ಬಿಚ್ಚಿಟ್ಟರೆ ಅವರಲ್ಲಿ ಒಡಕು ಹುಟ್ಟುತ್ತದೆ, ನಾಡಿನ ಬಗ್ಗೆ ಅಭಿಮಾನ ಕುಂದುತ್ತದೆ ಎಂಬುದು. ಆದರೆ ಜಾತಿ ಶಾಲೆಯ ಪಾಠದಿಂದ ಮಗುವಿಗೆ ಗೊತ್ತಾಗುವಂಥದ್ದಲ್ಲ. ಬಿಸಿಯೂಟದ ಸಾಲಿನಲ್ಲಿ, ಕೇರಿಯ ತಿರುವಿನಲ್ಲಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅದು ಮೊದಲೇ ಗೊತ್ತಾಗಿರುತ್ತದೆ. ಗೊತ್ತಿಲ್ಲದಿರುವುದು ಅದರ ಇತಿಹಾಸ. ಮೀಸಲಾತಿ ಯಾಕೆ ಬಂತು ಎಂದು ಕೇಳಿದರೆ ಬಹುಪಾಲು ವಿದ್ಯಾರ್ಥಿಗಳು ಸಂವಿಧಾನದಿಂದ ಶುರು ಮಾಡುತ್ತಾರೆ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲೇ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಿತು. ಅರ್ಹತೆಯ ಪ್ರಶ್ನೆ ಎತ್ತಿ ದಿವಾನ್ ವಿಶ್ವೇಶ್ವರಯ್ಯನವರು ಭಿನ್ನಾಭಿಪ್ರಾಯ ತಳೆದರು. ದೇವರಾಜ ಅರಸು ಕಾಲದ ಹಾವನೂರು ಆಯೋಗದವರೆಗೆ ಆ ವಾದ ಮುಂದುವರಿಯಿತು. ಇಂದು ಕಾಲೇಜು ಕಾರಿಡಾರಿನಲ್ಲಿ ಸಿಟ್ಟಿನಿಂದ ನಡೆಯುವ ಚರ್ಚೆಗೆ ನೂರು ವರ್ಷದ ಗಂಭೀರ ಹಿನ್ನೆಲೆ ಇದೆ ಎಂದು ತಿಳಿದವರು ಸಹಪಾಠಿಯನ್ನು ಹಂಗಿಸುವ ಮೊದಲು ಎರಡು ಕ್ಷಣ ಯೋಚಿಸುತ್ತಾರೆ. ಅಭಿಮಾನದ ಮಾತಿಗೂ ಇದೇ ಉತ್ತರ. ಮಿಲ್ಲರ್ ಸಮಿತಿಯನ್ನು ನೇಮಿಸಿದ ಸಂಸ್ಥಾನದ ಬಗ್ಗೆ, ಉಳುವವನಿಗೆ ಭೂಮಿ ಕೊಟ್ಟ ರಾಜ್ಯದ ಬಗ್ಗೆ ಹೆಮ್ಮೆ ಪಡಬೇಕಾದರೆ ಅವು ಯಾವ ಅನ್ಯಾಯಕ್ಕೆ ಉತ್ತರವಾಗಿ ಬಂದವು ಎಂಬುದು ಮೊದಲು ಗೊತ್ತಿರಬೇಕು.

ಉಳಿದದ್ದು ವ್ಯವಹಾರದ ಪ್ರಶ್ನೆ, ನನ್ನ ಮಟ್ಟಿಗೆ ಅತ್ಯಂತ ಕಠಿಣವಾದದ್ದೂ ಅದೇ. ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಅತಿಥಿ ಶಿಕ್ಷಕರೊಬ್ಬರು ಎಲ್ಲ ತರಗತಿಗಳಿಗೂ ಓಡಾಡುವಾಗ ಆಕರಗಳ ತುಣುಕು ಹುಡುಕಿ ತರುವವರು ಯಾರು? ಇದನ್ನು ಶಿಕ್ಷಕರ ಉತ್ಸಾಹಕ್ಕೆ ಬಿಟ್ಟರೆ ಉತ್ಸಾಹಿಗಳ ನಾಲ್ಕು ಶಾಲೆಗಳಲ್ಲಿ ನಡೆದು ಉಳಿದೆಡೆ ನಿಲ್ಲುತ್ತದೆ. ಆಕರಗಳು ಪುಸ್ತಕದಲ್ಲೇ ಅಚ್ಚಾಗಿರಬೇಕು. ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಇತಿಹಾಸ ಪುಸ್ತಕಗಳು ಮೂಲ ಆಕರಗಳನ್ನು ಚೌಕಟ್ಟಿನಲ್ಲಿ ಕೊಟ್ಟು ಅವುಗಳ ಮೇಲೆ ಪ್ರಶ್ನೆ ಕೇಳುವ ಕ್ರಮವನ್ನು ತೋರಿಸಿಕೊಟ್ಟಿವೆ. ಅದನ್ನು ಪ್ರೌಢಶಾಲೆಗೆ, ಸರಳ ಕನ್ನಡದಲ್ಲಿ ಇಳಿಸುವುದು ಸಾಧ್ಯ. ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆ 1980ರ ದಶಕದಿಂದ ಹಳ್ಳಿಗಳ ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲೇ ಇಂಥ ಸಮಾಜ ವಿಜ್ಞಾನವನ್ನು ಕಲಿಸಿತು; ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಿ ಬರೆಯುವ ಅವಕಾಶವಿತ್ತು. ಆ ಅನುಭವವಿದ್ದವರೇ ಮುಂದೆ 2005ರ ಚೌಕಟ್ಟಿನ ನಂತರದ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಕೈಜೋಡಿಸಿದರು. ಬಡ ಊರಿನ ಸರ್ಕಾರಿ ಶಾಲೆಗೆ ಇದು ನಿಲುಕದ್ದು ಎಂಬ ಮಾತು ಹಾಗಾಗಿ ನಿಲ್ಲುವುದಿಲ್ಲ.

ಪರೀಕ್ಷೆ ಬದಲಾಗದೆ ಪುಸ್ತಕ ಬದಲಾಗಿ ಪ್ರಯೋಜನವಿಲ್ಲ. ಪಾಸಿಂಗ್ ಪ್ಯಾಕೇಜ್ ಮತ್ತೆ ಗೆಲ್ಲುತ್ತದೆ. ಪ್ರತಿ ವರ್ಷ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಎಸ್‌ಎಸ್‌ಎಲ್‌ಸಿಯಲ್ಲಿ ಮುಕ್ತ ಉತ್ತರಗಳಿಗೆ ಸಮಾನವಾಗಿ ಅಂಕ ಕೊಡುವುದು ಕಷ್ಟ ಎಂಬುದು ನಿಜ. ಅದಕ್ಕಾಗಿ ಒಂದೇ ಏಟಿಗೆ 80 ಅಂಕಗಳನ್ನೂ ಬದಲಿಸಬೇಕಿಲ್ಲ. ಮೊದಲ ಎರಡು ವರ್ಷ ಹದಿನೈದು ಅಂಕಗಳನ್ನು ಮಾತ್ರ, ವಿದ್ಯಾರ್ಥಿ ಹಿಂದೆ ಓದಿರದ ಆಕರಕ್ಕೆ ಮೀಸಲಿಡಬಹುದು. ಶಾಸನದ ನಾಲ್ಕು ಸಾಲಿನ ಹೊಸಗನ್ನಡ ರೂಪ, ಒಂದು ಪಂಚಾಯಿತಿಯ ಆಯವ್ಯಯದ ಪುಟ, ಎರಡು ಪತ್ರಿಕೆಗಳಲ್ಲಿ ಬಂದ ಒಂದೇ ಘಟನೆಯ ವರದಿ, ಇಂಥದ್ದೊಂದನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿ ಕೇಳಬೇಕು: ಇದನ್ನು ಬರೆದವರು ಯಾರು, ಇದರಿಂದ ಖಚಿತವಾಗಿ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ, ಇನ್ನೇನು ಸಿಕ್ಕರೆ ನಿಮ್ಮ ಉತ್ತರ ಬದಲಾದೀತು? ಮೌಲ್ಯಮಾಪಕರಿಗೆ ಒಂದೇ ಉತ್ತರದ ಬದಲು ಒಪ್ಪಬಹುದಾದ ಉತ್ತರಗಳ ಮಾದರಿಗಳನ್ನು ಕೊಟ್ಟು ಎರಡು ದಿನ ತರಬೇತಿ ನಡೆಸಿದರೆ ಅಂಕ ನೀಡುವಿಕೆ ಹಳಿಗೆ ಬರುತ್ತದೆ. ಪ್ರಬಂಧಕ್ಕೆ ಅಂಕ ಕೊಡುವ ಭಾಷಾ ಶಿಕ್ಷಕರು ಈ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಲೇ ಬಂದಿದ್ದಾರೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದೆ. ಪಠ್ಯಕ್ರಮ ರೂಪಿಸುವ ಮುಂದಿನ ಸಮಿತಿ ಸೇರಿದಾಗ, ಯಾವ ಪಾಠ ಉಳಿಯಬೇಕೆಂಬ ಪಟ್ಟಿಗಿಂತ ಮೊದಲು ಈ ಹದಿನೈದು ಅಂಕಗಳ ಒಂದು ಮಾದರಿ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕೆಲಸ ಶುರು ಮಾಡಲಿ.